ಗೇಟ್ ಚಂದ ಐತಿ, ಗಟಾರ ಎಲ್ಲೈತಿ?

ಈ ಸಲ ಅಡಗಿಮನಿ ಮಾತು ಬಿಟ್ಟು ಅಂಗಳಕ್ಕ ಬರತೀನಿ. ಮಗಳ ಮನಿ ಮುಂದಿನ ಕೆಸರು ನನ್ನ ತಲ್ಯಾಗಿಂದ ಹೋಗವಲ್ದು.

ನನ್ನ ಮಗಳು-ಅಳಿಯ ಹುಬ್ಬಳ್ಳಿ ಹೊರಗ ಒಂದ ಲೇಔಟ್‌ನ್ಯಾಗ ಪ್ಲಾಟ್ ತಗೊಂಡು ಮನಿ ಕಟ್ಟಿಸ್ಯಾರ. ಸಾಲ ಬ್ಯಾಂಕಿಂದು, ಮುಂಗಡದ ರೊಕ್ಕ ನಮ್ಮ ಎರಡ ವರ್ಷದ ಹತ್ತಿ, ಮೆಣಸಿನಕಾಯಿದು. ಪ್ಲಾಟ್ ತೋರಸೂ ಮುಂದ ಬಣ್ಣದ ಹಾಳಿ ಕೊಟ್ಟಿದ್ರು. ಅದರಾಗ ಡಾಂಬರ್ ರಸ್ತಾ, ಎರಡೂ ಕಡೆ ಗಟಾರ, ಬೀದಿ ದೀಪ, ನೀರಿನ ಟಾಕಿ, ಹುಡುಗರು ಆಡಾಕ ಗಾರ್ಡನ್, ಎಲ್ಲಾ ಇತ್ತು. ನಾಕ ವರ್ಷ ಆತು. ದೊಡ್ಡ ಗೇಟ್ ಒಂದ ನಿಂತೈತಿ, ಅದಕ್ಕ ಮಾತ್ರ ದೀಪಾವಳಿಗೊಮ್ಮೆ ಬಣ್ಣ ಹಚ್ಚತಾರ.

ಎರಿ ಮಣ್ಣಿನ ಗುಣ ಸಂಶಿಯವರಿಗೆ ನಾ ಹೇಳಬೇಕೇನು? ಜೋಳಕ್ಕ, ಹತ್ತಿಗೆ ಛಲೋ. ಆದ್ರ ಒಂದ ಮಳಿ ಬಿತ್ತಂದ್ರ ಕಾಲಾಗಿನ ಚಪ್ಪಲಿ ಕಿತ್ಕೋತೈತಿ. ಬ್ಯಾಸಿಗ್ಯಾಗ ಕೈ ಹೋಗುವಂಗ ಬಿರೀತೈತಿ. ಹಂತಾ ನೆಲದಾಗ ಮದಲ ಗಟಾರ ತಗದು ನೀರಿಗೆ ದಾರಿ ಮಾಡಬೇಕು. ಆಮ್ಯಾಲ ಗರಸು ಹಾಕಿ, ರೋಲರ್ ಹೊಡದು, ಖಡಿ ಹಾಸಿ, ಕಡೀಕ ಡಾಂಬರ್. ಇಲ್ಲೆ ಗಟಾರಾನ ಇಲ್ಲ.

ಹೋದ ವರ್ಷ ಮಳಿಗಾಲದಾಗ ಮಗಳಿಗೆ ದಿನ ತುಂಬಿದ್ವು. ರಾತ್ರಿ ಹನ್ನೊಂದಕ್ಕ ಹೊಟ್ಟಿಬ್ಯಾನಿ ಸುರು ಆತು. ಆಟೋದಾಂವ ಗೇಟ್ ಹತ್ರಾನ ನಿಂತು, "ಅಕ್ಕಾರ, ಒಳಗ ಬಂದ್ರ ಗಾಲಿ ಹುಗಿತಾವ್ರಿ" ಅಂದ. ಮೊಬೈಲ್ ಬೆಳಕಿನ್ಯಾಗ ನಾನೂ ಅಳಿಯನೂ ಎರಡೂ ಕಡೆ ಹಿಡಕೊಂಡು ಆಕಿನ್ನ ಕೆಸರಾಗ ನಡಿಸ್ಕೊಂಡು ಹೋದಿವಿ. ದೇವರ ದಯಾ, ತಾಯಿ ಮಗು ಇಬ್ಬರೂ ಆರಾಮ ಅದಾರ. ಆದ್ರ ಆ ದಾರಿ ನಾ ಮರಿಯೂದಿಲ್ಲ.

ಅದಕ್ಕಿಂತ ಮದಲ ಒಬ್ಬೊಬ್ರ ಹೋಗಿ ಕೇಳತಿದ್ರು. ಲೇಔಟ್ ಮಾಡಿದಾಂವ ಚಾ ಕುಡಸತಿದ್ದ, "ಮುಂದಿನ ತಿಂಗಳ ಗ್ಯಾರಂಟಿರಿ" ಅಂತಿದ್ದ. ಕಚೇರಿಗೆ ಹೋದ್ರ "ಲೇಔಟ್ ಇನ್ನೂ ನಮ್ಮ ಕೈಗೆ ಹಸ್ತಾಂತರ ಆಗಿಲ್ಲ" ಅಂತಿದ್ರು.

ಬಾಣಂತನಕ್ಕ ನಾ ಅಲ್ಲೇ ಇದ್ದಾಗ ಓಣ್ಯಾಗಿನ ಹೆಣ್ಮಕ್ಕಳು ಕೂಸು ನೋಡಾಕ ಬಂದ್ರು. ಮಾತು ಕೆಸರಿಗೇ ಬಂತು. ಒಬ್ಬಾಕಿ ಅಂದ್ಲು, "ಎಲ್ಲಾರೂ ಕೂಡಿ ಬರದ ಕೊಡೂಣು." ಮರುದಿನಾನ ಒಂದ ನೋಟ್‌ಬುಕ್ ತಂದ್ರು. ಒಂದ ಕಡೆ ಹಾಳ್ಯಾಗ ಕೊಟ್ಟ ಮಾತು, ಇನ್ನೊಂದ ಕಡೆ ಈಗಿನ ಪರಿಸ್ಥಿತಿ, ತಾರೀಖು ಹಾಕಿ ಫೋಟೋ. ಮನಿಗೊಂದು ಸಹಿ. ಗಂಡಸರು ಸಂಘ ನೋಂದಣಿಗೆ ಓಡಾಡಿದ್ರು. ಒಂದ ಪ್ರತಿ ಲೇಔಟ್‌ದಾಂವಗ, ಒಂದ ಪ್ರತಿ ನಕಾಶಿ ಮಂಜೂರು ಮಾಡಿದ ಪ್ರಾಧಿಕಾರಕ್ಕ. ಪ್ರಾಧಿಕಾರದಾವ್ರು ಎಲ್ಲಾ ಪ್ಲಾಟು ಒಮ್ಮೆಲೆ ಬಿಟ್ಟಿರಲಿಲ್ಲ, ಕೆಲಸ ಆದಂಗ ಆದಂಗ ಬಿಡತಿದ್ರು. ಅದಕ್ಕ "ಗಟಾರ, ರಸ್ತಾ ಆಗೂಮಟ ಉಳಿದ ಪ್ಲಾಟ್ ಬಿಡಬ್ಯಾಡ್ರಿ" ಅಂತ ಬರದ್ರು. ಅಂವಗ ಹತ್ತಿದ್ದು ಆ ಒಂದ ಸಾಲು.

ವಾರದಾಗ ಅವನ ಮನಿಶ್ಯಾ ಮಗಳ ಮನಿಗೆ ಬಂದ. "ನಿಮ್ಮ ಮನಿ ಮುಂದ ಕಾಂಕ್ರೀಟ್ ಹಾಕಿ ಕೊಡತೀವಿ, ಅರ್ಜಿಯಾಗಿನ ಹೆಸರು ತಗೀರಿ" ಅಂದ. ಖರೆ ಹೇಳತೀನಿ, ನಾನ ಮಗಳಿಗೆ "ತಗೊ, ಸಣ್ಣ ಕೂಸೈತಿ" ಅಂದೆ. ಆಕಿ ನನ್ನ ಮುಖಾ ನೋಡಿ ಅಂದ್ಲು, "ಅವ್ವಾ, ಗೇಟ್‌ನಿಂದ ನಮ್ಮ ಬಾಗಲದ ತನಕ ಹಾರಿ ಬರಬೇಕೇನು?" ನನಗ ನಾಚಿಕಿ ಆತು. ನಾ ಅಳತಿ ಮಾಡಿದ್ದು ನಮ್ಮ ಹೊಸ್ತಿಲದ ಮುಂದಿನ ಹತ್ತ ಫೂಟ್ ಅಷ್ಟ.

ಇನ್ನ ಕೆಲವರು ಅಂದ್ರು, "ಜಗಳ ಯಾಕ? ಮನಿಗೆ ಇಷ್ಟಂತ ಪಟ್ಟಿ ಹಾಕಿ ನಾವ ಮಾಡಿಸಿಬಿಡೂಣು." ಆ ಮಾತನ್ಯಾಗ ತಪ್ಪಿಲ್ಲ, ದಿನಾ ಕೆಸರು ತುಳಿಯೂರು ಅವರ. ತಾತ್ಪೂರ್ತಿ ನಾಕ ಟ್ರಿಪ್ ಗರಸು ಹಾಕಿಸ್ಕೊಂಡ್ರ ಅಡ್ಡಿ ಇಲ್ಲ. ಆದ್ರ ರಸ್ತಾದ ರೊಕ್ಕ ಪ್ಲಾಟಿನ ಬೆಲ್ಯಾಗ ಕೊಟ್ಟಾಗೈತಿ. ಎರಡನೇ ಸಲ ಯಾಕ ಕೊಡೂದು? ಮತ್ತ ಪಟ್ಟಿ ಕೊಡಾಕ ಆಗದ ಬಡವರ ಮನಿ ಮುಂದ ಕೆಸರ ಉಳೀತೈತಿ.

ಇದಕ್ಕ ಕಾಯ್ದೆ ಐತಿ. ರೇರಾ ಅಂತಾರ, 2016ರದು, ನಮ್ಮ ರಾಜ್ಯದಾಗ ಅದರ ನಿಯಮ 2017ಕ್ಕ ಬಂದ್ವು. 500 ಚದರ ಮೀಟರ್ ದಾಟಿದ ಜಾಗಾ, ಅಂದ್ರ ಹತ್ರ ಹತ್ರ ಐದ ಗುಂಟೆ, ಪ್ಲಾಟ್ ಮಾಡಿ ಮಾರಬೇಕಂದ್ರ ನೋಂದಣಿ ಆಗಬೇಕು. ಗಿರಾಕಿ ಕೊಟ್ಟ ರೊಕ್ಕದಾಗ ಶೇಕಡಾ 70 ಬ್ಯಾರೆ ಖಾತೆದಾಗ ಇಡಬೇಕು, ಆ ಜಾಗಾಕ್ಕ, ಆ ಕೆಲಸಕ್ಕ ಅಷ್ಟ ತಗೀಬೇಕು. ಜಾಹೀರಾತಿನ್ಯಾಗ ಸುಳ್ಳು ಹೇಳಿ ಲುಕ್ಸಾನ ಆದ್ರ ಪರಿಹಾರ ಕೇಳಬಹುದು. ಅದಕ್ಕ ಆ ಬಣ್ಣದ ಹಾಳಿ ಒಲಿಗೆ ಹಾಕಬ್ಯಾಡ್ರಿ, ಖರೀದಿ ಪತ್ರದ ಜೋಡಿನ ಟ್ರಂಕಿನ್ಯಾಗ ಇಡ್ರಿ.

ಮಗಳು ಒಂದ ತೀರ್ಪು ಓದಿ ಹೇಳಿದ್ಲು. ಬೆಂಗಳೂರಿನ ಬೇಗೂರಿನ್ಯಾಗ ಡಿಎಲ್‌ಎಫ್‌ನವರ ಫ್ಲ್ಯಾಟ್ ತಗೊಂಡ 339 ಮಂದಿ ಕೂಡಿ ಕೇಸ್ ಹಾಕಿದ್ರು. 36 ತಿಂಗಳದಾಗ ಕೊಡತೀವಿ ಅಂದ ಮನಿ ವರ್ಷಗಟ್ಟಲೆ ತಡ ಆಗಿತ್ತು. ಖರೀದಿ ಪತ್ರ ಬೇಕಂದ್ರ ತಡದ ತಕರಾರು ಬಿಡ್ರಿ ಅನ್ನೂ ಮಾತೂ ಇತ್ತು. 2019ರಾಗ ರಾಷ್ಟ್ರೀಯ ಗ್ರಾಹಕರ ಆಯೋಗದಾಗ ಅವರು ಸೋತ್ರು. ಬಿಡಲಿಲ್ಲ. 2020ರ ಆಗಸ್ಟ್ 24ಕ್ಕ ಸುಪ್ರೀಂ ಕೋರ್ಟ್, ಪತ್ರ ಮಾಡಿಸ್ಕೊಂಡ್ರ ಪರಿಹಾರ ಕೇಳೂ ಹಕ್ಕು ಹೋಗೂದಿಲ್ಲ ಅಂತು. ತಡ ಆದ ಕಾಲಕ್ಕ ವರ್ಷಕ್ಕ ಶೇಕಡಾ 6ರಂತೆ ಪರಿಹಾರ ಕೊಡ್ರಿ ಅಂತು. ಆದ್ರ ಅದರಾಗ ಬ್ಯಾರೆ ಬ್ಯಾರೆ ರಾಜಿ ಮಾಡ್ಕೊಂಡ 11 ಮಂದಿಗೆ ಈ ಆದೇಶ ಹತ್ತಲಿಲ್ಲ. ಇದನ್ನ ಕೇಳಿದಾಗ ನನಗ ಆ ಕಾಂಕ್ರೀಟ್ ನೆನಪಾತು.

ಈಗ ಮಗಳ ಲೇಔಟ್‌ನ್ಯಾಗ ದೀಪ ಬಂದಾವ. ಗಟಾರ ಒಂದ ಕಡೆ ಆಗೈತಿ, ಗರಸು ಬಿದ್ದೈತಿ. ಡಾಂಬರ್ ಇಲ್ಲ, ಗಾರ್ಡನ್ ಜಾಗಾದಾಗ ಇನ್ನೂ ಕಲ್ಲಿನ ರಾಶಿ. ರೇರಾಕ್ಕ ಅರ್ಜಿ ಹಾಕ್ಯಾರ, ದಾರಿ ಕಾಯಾಕತ್ತಾರ. ನೋಟ್‌ಬುಕ್ ಮುಗದಿಲ್ಲ.

ನಮ್ಮ ಸುತ್ತಲೂ ಹೊಲದಾಗ ಕಲ್ಲ ಹುಗದು, ಸುಣ್ಣದ ಗೆರಿ ಎಳದು, ಪ್ಲಾಟ್ ಅನ್ನಾಕತ್ತಾರ. ಪೀಕಿನ ರೊಕ್ಕ ಬಂದಾಗ ಮನ್ಯಾಗಿನ ಗಂಡಸರು ಹೋಗಿ ಮುಂಗಡ ಕೊಟ್ಟು ಬರತಾರ. ನಾವು ಗೇಟ್ ನೋಡಿ ಖುಷಿ ಪಡತೀವಿ. ಇನ್ನ ಮ್ಯಾಲ ಜೋಡಿಗೆ ಹೋಗೂಣು. ರೇರಾ ನಂಬರ್ ಏನು, ಗಟಾರದ ನೀರು ಎಲ್ಲಿಗೆ ಹೋಗತೈತಿ, ಕುಡಿಯೂ ನೀರು ಎಲ್ಲಿಂದ ಬರತೈತಿ, ಕೇಳೂಣು. ದಿನಾ ಅಲ್ಲಿ ನೀರ ತುಂಬೂರು, ಕಸ ಹೊಡಿಯೂರು ನಾವ ಅಲ್ಲೇನು? ಮಳಿಗಾಲದಾಗ ಒಮ್ಮೆ ಹೋಗಿ ನೋಡ್ರಿ. ಬ್ಯಾಸಿಗ್ಯಾಗ ಎಲ್ಲಾ ಪ್ಲಾಟೂ ಚಂದ ಕಾಣತಾವ.

ಈಗಾಗಲೇ ತಗೊಂಡು ಕುಂತಿದ್ರ, ಬಾಜೂ ಮನಿ ಬಾಗಲಾ ಬಡೀರಿ. ನಾ ಮಾಡಿದ ತಪ್ಪು ನೀವು ಮಾಡಬ್ಯಾಡ್ರಿ.