ಲಿಬರೇಟರ್ ಮಾದರಿಗೆ ನಕ್ಷೆ ಕೊಡುವವರು ಯಾರು?

ಎರಡನೆಯ ಮಹಾಯುದ್ಧ ಮುಗಿದು ಬ್ರಿಟಿಷ್ ವಾಯುಪಡೆ ಭಾರತದಿಂದ ತೆರಳುವಾಗ ಕಾನ್ಪುರದ ವಿಮಾನ ನೆಲೆಯಲ್ಲಿ ಹತ್ತಾರು ಲಿಬರೇಟರ್ ಬಾಂಬರುಗಳನ್ನು ಬಿಟ್ಟುಹೋಯಿತು. ಬಿಟ್ಟುಹೋಯಿತು ಎನ್ನುವುದಕ್ಕಿಂತ ಕೆಡಿಸಿಹೋಯಿತು ಎನ್ನುವುದೇ ಸರಿ. ಅಮೆರಿಕದಿಂದ ಲೆಂಡ್-ಲೀಸ್ ಕರಾರಿನ ಮೇಲೆ ಪಡೆದಿದ್ದ ಈ ವಿಮಾನಗಳು ಮತ್ತೆ ಯಾರ ಉಪಯೋಗಕ್ಕೂ ಬಾರದಂತೆ ಅವುಗಳ ಉಪಕರಣಗಳನ್ನು ಒಡೆದು, ಎಂಜಿನುಗಳಿಗೆ ಮರಳು ತುಂಬಿ, ಒಡಲನ್ನು ಜಜ್ಜಲಾಗಿತ್ತು. ಬಾಂಬರುಗಳೇ ಇಲ್ಲದಿದ್ದ ಸ್ವತಂತ್ರ ಭಾರತ 1948ರಲ್ಲಿ ಈ ಗುಜರಿಯ ಕಡೆ ನೋಡಿತು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ತಂತ್ರಜ್ಞರು ಒಂದರ ಭಾಗವನ್ನು ಇನ್ನೊಂದಕ್ಕೆ ಜೋಡಿಸಿ ಅವುಗಳನ್ನು ಹಾರುವ ಸ್ಥಿತಿಗೆ ತಂದರು. ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಷಿಯವರು ಅವುಗಳನ್ನು ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿ ತಂದರು. ಅದೇ ವರ್ಷದ ನವೆಂಬರಿನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಈ ವಿಮಾನಗಳೊಂದಿಗೆ ರೂಪುಗೊಂಡಿತು. ಹೀಗೆ ಜೀವ ಪಡೆದ ಸುಮಾರು 40 ಲಿಬರೇಟರುಗಳಲ್ಲಿ ಕೊನೆಯವು ಸೇವೆಯಿಂದ ನಿವೃತ್ತವಾದದ್ದು 1968ರ ಕೊನೆಯಲ್ಲಿ.

ಈ ಚರಿತ್ರೆಯನ್ನು ನೆನಪಿಸಲು ಕಾರಣ ನನ್ನ ನಿವೃತ್ತ ಜೀವನದ ಒಂದು ಹವ್ಯಾಸ. ಸರ್ಕಾರಿ ಸೇವೆಯಿಂದ ಬಿಡುಗಡೆಯಾದ ಮೇಲೆ ಶ್ರವಣಬೆಳಗೊಳದಲ್ಲಿ ನೆಲೆಸಿರುವ ನಾನು, ಬೆಂಗಳೂರಿನಲ್ಲಿ ಪುನರ್ಜನ್ಮ ಪಡೆದ ಲಿಬರೇಟರಿನ ಅಳತೆಬದ್ಧ ಮಾದರಿಯೊಂದನ್ನು ಮಾಡುವ ಕೆಲಸದಲ್ಲಿ ತೊಡಗಿದ್ದೇನೆ. ಇದರ ಲೆಕ್ಕ ಸರಳ. 72ನೇ ಒಂದು ಪ್ರಮಾಣವೆಂದರೆ ಆರು ಅಡಿಗೆ ಒಂದು ಅಂಗುಲ. ನಮ್ಮ 58 ಅಡಿಯ ಗೊಮ್ಮಟೇಶ್ವರ ಈ ಪ್ರಮಾಣದಲ್ಲಿ ಹತ್ತು ಅಂಗುಲಕ್ಕಿಂತ ತುಸು ಕಡಿಮೆ. 110 ಅಡಿ ರೆಕ್ಕೆಯ ಲಿಬರೇಟರ್ ಸುಮಾರು ಹದಿನೆಂಟು ಅಂಗುಲ. ಬೆಟ್ಟದ ಬುಡದ ಅಂಗಡಿಗಳಲ್ಲಿ ಮಾರುವ ಪುಟ್ಟ ಬಾಹುಬಲಿಗಳನ್ನು ಕಂಡವರಿಗೆ ಕಿರಿದಾಗಿಸುವ ಈ ಕಲೆಯ ಬಗ್ಗೆ ವಿವರಣೆ ಬೇಕಿಲ್ಲ.

ವಿಮಾನದ ಮುಖ್ಯ ಒಡಲು, ರೆಕ್ಕೆಗಳು ಏರ್‌ಫಿಕ್ಸ್, ಹಸೆಗಾವ ಮುಂತಾದ ಕಂಪನಿಗಳ ಪ್ಲಾಸ್ಟಿಕ್ ಕಿಟ್ಟುಗಳಲ್ಲಿ ಸಿಗುತ್ತವೆ. ಸಮಸ್ಯೆ ಇರುವುದು ಸಣ್ಣ ಭಾಗಗಳಲ್ಲಿ. ಅಚ್ಚಿನಲ್ಲಿ ಎರಕವಾದ ಪ್ಲಾಸ್ಟಿಕ್ ಬಂದೂಕಿನ ನಳಿಗೆ ಪೆನ್ಸಿಲ್ಲಿನಷ್ಟು ದಪ್ಪವಾಗಿ ಕಾಣುತ್ತದೆ. ಅದರ ಜಾಗಕ್ಕೆ ಔಷಧದಂಗಡಿಯ ಇನ್ಸುಲಿನ್ ಸೂಜಿ ಬರುತ್ತದೆ. ಅದರ ಹೊರವ್ಯಾಸ ಮಿಲಿಮೀಟರಿನ ಮೂರನೇ ಒಂದರಷ್ಟೂ ಇಲ್ಲ, ಮೇಲಾಗಿ ಅದು ನಿಜವಾದ ನಳಿಗೆಯಂತೆ ಟೊಳ್ಳು. ಲಿಬರೇಟರಿನ ನಾಲ್ಕು ಎಂಜಿನುಗಳಲ್ಲಿ ತಲಾ 14 ಸಿಲಿಂಡರು, ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್ಗು. ಎಲ್ಲದಕ್ಕೂ ತಂತಿ ಎಳೆಯಹೊರಟರೆ 112 ಎಳೆಗಳು ಬೇಕು. ಸುಟ್ಟುಹೋದ ಮೋಟಾರಿನ ತಾಮ್ರದ ವೈಂಡಿಂಗ್ ತಂತಿ ಇದಕ್ಕೆ ಹೇಳಿ ಮಾಡಿಸಿದ್ದು. ಏರಿಯಲ್ ತಂತಿಗೆ ಕಿಟ್ಟಿನ ಉಳಿಕೆ ಪ್ಲಾಸ್ಟಿಕ್ ಕಡ್ಡಿಯನ್ನು ದೀಪದ ಮೇಲೆ ಕಾಯಿಸಿ ಎಳೆದರೆ ಕೂದಲಿನಂಥ ಎಳೆ ದೊರೆಯುತ್ತದೆ. ಕಿಟಕಿಯ ಗಾಜಿಗೆ ಮಾತ್ರೆಯ ಪಟ್ಟಿಯ ಪಾರದರ್ಶಕ ಪ್ಲಾಸ್ಟಿಕ್.

ಬಾಂಬುಕೋಣೆಯ ಬಾಗಿಲಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನನ್ನ ಎರಡು ತಿಂಗಳು ಅದಕ್ಕೇ ಹೋಯಿತು. ಬೇರೆ ಬಾಂಬರುಗಳ ಬಾಗಿಲುಗಳು ಕೆಳಕ್ಕೆ ತೆರೆದುಕೊಳ್ಳುತ್ತವೆ. ಲಿಬರೇಟರಿನದು ನಮ್ಮ ಪೇಟೆಯ ಅಂಗಡಿಗಳ ರೋಲಿಂಗ್ ಶಟರಿನ ಹಾಗೆ ಒಡಲಿನ ಪಕ್ಕಕ್ಕೆ ಸುತ್ತಿಕೊಂಡು ಮೇಲೇರುತ್ತದೆ. ಆ ಸುಕ್ಕುಗೆರೆಗಳನ್ನು ಮೂಡಿಸಲು ಮಾತ್ರೆಪಟ್ಟಿಯ ಅಲ್ಯೂಮಿನಿಯಂ ಹಾಳೆಯನ್ನು ಸಣ್ಣ ಬೋಲ್ಟಿನ ಮರೆಗಳ ಮೇಲೆ ಒತ್ತಿ ನೋಡಿದೆ, ಗೆರೆಗಳು ಓರೆಯಾದವು. ಕೊನೆಗೆ ಚನ್ನರಾಯಪಟ್ಟಣದ ಅಕ್ಕಸಾಲಿಯೊಬ್ಬರು ಉಕ್ಕಿನ ಪಟ್ಟಿಯ ತೂತುಗಳ ಮೂಲಕ ಹಿತ್ತಾಳೆ ತಂತಿಯನ್ನು ಎಳೆದೆಳೆದು ಸಪೂರ ಮಾಡಿಕೊಟ್ಟರು. ಅದನ್ನು ಒತ್ತೊತ್ತಾಗಿ ಅಂಟಿಸಿ ಅದರ ಮೇಲೆ ಹಾಳೆಯನ್ನು ತೀಡಿದಾಗ ಬಾಗಿಲು ಬಾಗಿಲಿನಂತೆ ಕಂಡಿತು. "ಇದಕ್ಕೆ ಎಷ್ಟು ಕೂಲಿ ತಗೊಳ್ಳೋದು ಸಾರ್, ಮೂಗುಬೊಟ್ಟಿನ ತಂತಿಗಿಂತ ಇದೇ ಸಣ್ಣ" ಎಂದು ಅವರು ನಕ್ಕರು.

ಕೌಶಲ ನಮ್ಮಲ್ಲಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹಳೆಯ ಮೈಸೂರು ಗೆಜೆಟಿಯರುಗಳು ಶ್ರವಣಬೆಳಗೊಳವನ್ನು ತೀರ್ಥಕ್ಷೇತ್ರವೆಂದು ಬಣ್ಣಿಸುವುದರ ಜೊತೆಗೆ ಇಲ್ಲಿನ ಹಿತ್ತಾಳೆ ಪಾತ್ರೆಗಳ ಉದ್ಯಮವನ್ನೂ ಉಲ್ಲೇಖಿಸುತ್ತವೆ. ಜಗತ್ತಿನ ಮಾದರಿಕಾರರು ಇಂದು ಹಣ ತೆತ್ತು ಕೊಳ್ಳುವ ಸೂಕ್ಷ್ಮ ಭಾಗಗಳಲ್ಲಿ ಹೆಚ್ಚಿನವು ಹಿತ್ತಾಳೆಯವೇ. ಕಾಗದದಷ್ಟು ತೆಳುವಾದ ಹಿತ್ತಾಳೆ ಹಾಳೆಗೆ ಬೆಳಕಿಗೆ ಸ್ಪಂದಿಸುವ ಲೇಪ ಬಳಿದು, ಮೇಲೆ ನಕ್ಷೆಯ ಫಿಲ್ಮ್ ಇಟ್ಟು ಬೆಳಕು ಹಾಯಿಸಿ, ಫೆರಿಕ್ ಕ್ಲೋರೈಡಿನಲ್ಲಿ ಅದ್ದಿದರೆ ಬೇಡದ ಲೋಹ ಕರಗಿಹೋಗುತ್ತದೆ. ಸೀಟಿನ ಬೆಲ್ಟು, ಉಪಕರಣ ಫಲಕ, ಆಂಟೆನಾ ಎಲ್ಲವೂ ಹೀಗೆ ರೂಪುಗೊಳ್ಳುತ್ತವೆ. ಜೆಕ್ ದೇಶದ ಎಡುವಾರ್ಡ್ ಎಂಬ ಸಂಸ್ಥೆ ಇದರಲ್ಲೇ ಲೋಕಪ್ರಸಿದ್ಧವಾಗಿದೆ. ಇದು ನಮ್ಮ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡುಗಳನ್ನು ಮಾಡುವ ವಿಧಾನವೇ. ಪೀಣ್ಯದ ಸಣ್ಣ ಘಟಕಗಳಿಗೆ ಹೊಸದಲ್ಲ. ಬೇಕಾದ ರಾಸಾಯನಿಕ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ.

ಹಾಗಾದರೆ ಭಾರತೀಯ ಲಿಬರೇಟರಿನ ಭಾಗಗಳನ್ನು ಇಲ್ಲಿ ಯಾರೂ ಏಕೆ ಮಾಡುತ್ತಿಲ್ಲ? ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಕಾರಣ ಸ್ಪಷ್ಟವಾಗಿ ಕಾಣುತ್ತದೆ. ಇಂಥ ಭಾಗದ ಖರ್ಚಿನಲ್ಲಿ ಲೋಹದ ಪಾಲು ಅತ್ಯಲ್ಪ, ಕೂಲಿಯದು ಅಲ್ಪ. ದೊಡ್ಡ ಖರ್ಚು ಮೊದಲ ನಕ್ಷೆಯದು: ವಿಮಾನವನ್ನು ಅಳೆಯುವುದು, ಮೂಲ ಚಿತ್ರಗಳನ್ನು ಹುಡುಕುವುದು, ಗೆರೆ ಎಳೆಯುವುದು. ಒಂದು ಪ್ರತಿ ಮಾರಿದರೂ ಸಾವಿರ ಪ್ರತಿ ಮಾರಿದರೂ ಈ ಖರ್ಚು ಅಷ್ಟೇ. ದೇಶದಲ್ಲಿ ಇನ್ನೂರು ಜನ ಕೊಳ್ಳುತ್ತಾರೆಂದು ವಾದಕ್ಕೆ ಹಿಡಿಯೋಣ. ಅವರ ನಡುವೆ ಹಂಚಿದರೆ ಆ ಖರ್ಚು ಯಾರಿಗೂ ನಿಲುಕುವುದಿಲ್ಲ. ಆದರೆ ನಕ್ಷೆ ಒಮ್ಮೆ ಸಾರ್ವಜನಿಕವಾದರೆ ಒಬ್ಬರು ಬಳಸಿದ್ದರಿಂದ ಇನ್ನೊಬ್ಬರಿಗೆ ಕಡಿಮೆಯಾಗದು. ಇಂಥ ವಸ್ತುವನ್ನು ಒದಗಿಸುವುದು ಮಾರುಕಟ್ಟೆಯಿಂದಾಗದು, ಸರ್ಕಾರವೇ ಒದಗಿಸಬೇಕೆಂದು ನಮ್ಮ ಪಠ್ಯಗಳು ಹೇಳುತ್ತಿದ್ದವು.

ವಿದೇಶಿ ಕಂಪನಿಗಳ ಭಾಗಗಳು ಬಹುಮಟ್ಟಿಗೆ ಯುದ್ಧಕಾಲದ ಅಮೆರಿಕನ್ ಲಿಬರೇಟರಿಗೆ ಹೊಂದುವಂಥವು. ಹಲವು ವಿಮಾನಗಳ ಭಾಗಗಳನ್ನು ಕೂಡಿಸಿ ಬೆಂಗಳೂರಿನಲ್ಲಿ ಕಟ್ಟಿದ, ಇಪ್ಪತ್ತು ವರ್ಷ ದುಡಿದ ವಿಮಾನ ಅದರ ಯಥಾಪ್ರತಿಯಾಗಿರಲು ಸಾಧ್ಯವಿಲ್ಲ. ಯಾವ ಟರೆಟ್ಟು ತೆಗೆದರು, ಯಾವ ಏರಿಯಲ್ ಸೇರಿಸಿದರು, ಒಳಗೆ ಯಾವ ಬಣ್ಣ ಬಳಿದರು ಎಂಬ ಪ್ರಶ್ನೆಗಳಿಗೆ ಒಂದು ಹಳೆಯ ಛಾಯಾಚಿತ್ರವನ್ನು ಭೂತಗನ್ನಡಿ ಹಿಡಿದು ನೋಡಿ ಊಹಿಸಬೇಕಾಗಿದೆ. ವಿಪರ್ಯಾಸವೆಂದರೆ 18 ಸಾವಿರಕ್ಕೂ ಹೆಚ್ಚು ತಯಾರಾದ ಲಿಬರೇಟರುಗಳಲ್ಲಿ ಇಂದು ಉಳಿದಿರುವ ಬೆರಳೆಣಿಕೆಯವುಗಳ ಪೈಕಿ ಹಲವು ಭಾರತೀಯ ವಾಯುಪಡೆಯಲ್ಲಿದ್ದವು. ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂ, ಕೆನಡಾದ ಒಟ್ಟಾವಾ, ಅಮೆರಿಕದ ಅರಿಜೋನಾದ ಪೀಮಾ ಸಂಗ್ರಹಾಲಯಗಳಲ್ಲಿರುವವು ನಮ್ಮಿಂದ ಹೋದವು. ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನ ಮತ್ತೆ ಹಾರಿಸಿದ್ದೂ ಇಲ್ಲಿಂದ ಹೋದದ್ದನ್ನೇ. ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ಸಂಗ್ರಹಾಲಯದ ಪಾಲಿಗೆ ಒಂದು ಬಂದಿತು. ನನ್ನ ಮೇಜಿನ ಮೇಲಿರುವ ಬೆಂಗಳೂರಿನ ವಿಮಾನದ ವಿವರಗಳಿಗಾಗಿ ನಾನು ಹೆಚ್ಚಾಗಿ ಆಶ್ರಯಿಸಿರುವುದು ಆ ಪರದೇಶಿ ಸಂಗ್ರಹಾಲಯಗಳಿಗೆ ಹೋಗಿಬಂದವರ ಚಿತ್ರಗಳನ್ನು.

ಇನ್ನು ಸುಂಕದ ಮಾತು. ಜಾಗತಿಕ ಸುಂಕ ವರ್ಗೀಕರಣದ 9503 ಎಂಬ ಶೀರ್ಷಿಕೆಯಲ್ಲಿ ಗೊಂಬೆ, ಮಕ್ಕಳ ಮೂರುಗಾಲಿ ಸೈಕಲ್ಲುಗಳ ಜೊತೆಗೆ ಅಳತೆಬದ್ಧ ಮಾದರಿಗಳೂ ಇವೆ. ಅಗ್ಗದ ಚೀನೀ ಆಟಿಕೆಗಳನ್ನು ತಡೆಯಲು ಕೇಂದ್ರ ಸರ್ಕಾರ ಈ ಶೀರ್ಷಿಕೆಯ ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿತು. ಚನ್ನಪಟ್ಟಣದ ಗೊಂಬೆಗಾರರಿಗೆ ಇದರಿಂದ ಉಪಕಾರವಾಗಿದ್ದರೆ ಸಂತೋಷವೇ. ಆದರೆ ಕಿಟ್ಟು ತರಿಸುವ ಸಣ್ಣ ವ್ಯಾಪಾರಿಗೂ ಅದೇ ದರ ಅನ್ವಯಿಸಿದಾಗ ಯಾವ ದೇಶೀಯ ಉದ್ಯಮಕ್ಕೂ ರಕ್ಷಣೆ ದೊರೆಯುವುದಿಲ್ಲ. ಇಲ್ಲದ ಉದ್ಯಮವನ್ನು ರಕ್ಷಿಸುವುದು ಹೇಗೆ? ಒಮ್ಮೆ ನನಗೆ ಬರಬೇಕಿದ್ದ, ಕೆಲವೇ ಗ್ರಾಂ ತೂಕದ ಹಿತ್ತಾಳೆ ಹಾಳೆಯ ಲಕೋಟೆ ಒಂದು ಕಚೇರಿಯಲ್ಲಿ ಮೂರು ವಾರ ಕುಳಿತಿತ್ತು. ವಿವರಣೆಯಲ್ಲಿ 'ಬಾಂಬರ್' ಎಂಬ ಶಬ್ದವಿದ್ದದ್ದೇ ತೊಡಕಾಗಿತ್ತು. ಕಡತದ ಮೇಲೆ ಷರಾ ಬರೆದೇ ಬದುಕು ಸವೆಸಿದ ನನಗೆ ಆ ಅಧಿಕಾರಿಯ ಕಷ್ಟ ಅರ್ಥವಾಗದೆ ಇರಲಿಲ್ಲ.

ಬಾಂಬರ್ ಶಬ್ದ ನಮ್ಮೂರಿನಲ್ಲೂ ಪ್ರಶ್ನೆ ಎಬ್ಬಿಸುತ್ತದೆ. "ಬಾಹುಬಲಿ ಊರಲ್ಲಿ ಕೂತ್ಕೊಂಡು ಬಾಂಬರ್ ಮಾಡ್ತೀರಲ್ಲ ಸಾರ್?" ಎಂದು ನೆರೆಯವರೊಬ್ಬರು ನೇರವಾಗಿಯೇ ಕೇಳಿದರು. ಗೆದ್ದ ಯುದ್ಧವನ್ನು ಬಿಟ್ಟುಕೊಟ್ಟು ನಿಂತವನ ಕಾಲಬುಡದಲ್ಲಿ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಲಿಬರೇಟರುಗಳು ಯುರೋಪಿನಲ್ಲಿ ಊರುಗಳನ್ನು ಸುಟ್ಟದ್ದು ನಿಜ. ಭಾರತದಲ್ಲಿ ಅವು ಕೊನೆಯ ವರ್ಷಗಳಲ್ಲಿ ಮುಖ್ಯವಾಗಿ ಸಮುದ್ರದ ಮೇಲೆ ಕಣ್ಣಿಡುವ ಕೆಲಸ ಮಾಡಿದವು ಎಂಬುದೂ ನಿಜ. ಆದರೆ ಆ ಸಮಜಾಯಿಷಿಯ ಮೇಲೆ ನಾನು ನಿಂತಿಲ್ಲ. ಒಡೆದುಹಾಕಿದ್ದನ್ನು ಕೂಡಿಸಿದ ಕೈಗಳ ಬಗ್ಗೆ ನನ್ನ ಗೌರವ. ಅವರ ಹೆಸರುಗಳು ಪುಸ್ತಕಗಳಲ್ಲಿಲ್ಲ. ಅವರ ಕೆಲಸ ಉಳಿದಿರುವುದು ರಿವೆಟ್ಟು, ತೇಪೆ, ಬದಲಿಸಿದ ಕಿಟಕಿಗಳಲ್ಲಿ.

ಬೆಂಗಳೂರಿನಲ್ಲಿ ಎಚ್‌ಎಎಲ್ 2001ರಲ್ಲಿ ಸೊಗಸಾದ ಪರಂಪರೆ ಸಂಗ್ರಹಾಲಯವನ್ನು ತೆರೆಯಿತು. ಲಿಬರೇಟರುಗಳ ದುರಸ್ತಿಗೆ ಸಂಬಂಧಿಸಿದ ನಕ್ಷೆ, ಛಾಯಾಚಿತ್ರ, ಕೆಲಸದ ದಾಖಲೆಗಳಲ್ಲಿ ಉಳಿದಿರುವುದನ್ನು ಅದು ಸ್ಕ್ಯಾನ್ ಮಾಡಿ ಸಾರ್ವಜನಿಕರ ಮುಂದಿಡಬೇಕು. ಪಾಲಂನಲ್ಲಿರುವ ವಿಮಾನದ ಒಳಹೊರಗನ್ನು ಅಳೆಯಲು, ಚಿತ್ರ ತೆಗೆಯಲು ವರ್ಷಕ್ಕೆ ಕೆಲವು ದಿನಗಳನ್ನಾದರೂ ವಾಯುಪಡೆ ಗೊತ್ತುಪಡಿಸಬೇಕು. ಅರ್ಧ ಶತಮಾನಕ್ಕೂ ಹಿಂದೆ ನಿವೃತ್ತವಾದ, ವಿದೇಶಗಳಲ್ಲಿ ಟಿಕೆಟ್ ಪಡೆದವರೆಲ್ಲ ನೋಡಬಹುದಾದ ವಿಮಾನದಲ್ಲಿ ಮುಚ್ಚಿಡುವ ಗುಟ್ಟೇನೂ ಉಳಿದಿಲ್ಲ. ಹಣಕಾಸು ಸಚಿವಾಲಯ ಅಳತೆಬದ್ಧ ಮಾದರಿಗಳಿಗೆ ಆಟಿಕೆಗಳಿಂದ ಪ್ರತ್ಯೇಕವಾದ ಸುಂಕದ ಸಾಲೊಂದನ್ನು ಕೊಟ್ಟರೆ ಖಜಾನೆಗಾಗುವ ನಷ್ಟ ಗಮನಕ್ಕೆ ಬರುವಷ್ಟಿರದು. ಸಹಾಯಧನವನ್ನು ನಾನು ಕೇಳುತ್ತಿಲ್ಲ. ನಕ್ಷೆ ಕೈಗೆ ಬಂದರೆ ಉಳಿದದ್ದನ್ನು ಚನ್ನರಾಯಪಟ್ಟಣದ ಆ ಅಕ್ಕಸಾಲಿ ಮತ್ತು ಪೀಣ್ಯದ ಯಾವುದಾದರೊಂದು ಸಣ್ಣ ಘಟಕ ತಮ್ಮ ತಮ್ಮಲ್ಲೇ ದರ ಮಾತಾಡಿಕೊಂಡು ಮಾಡಿಯಾರು.