ಮೈಲೇಜಿಗಿಂತ ಮೊದಲು ದೂರ

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ಮುಕ್ಕಾಲು ಕಿಲೋ ತೂಗುವ ದ್ರವದಿಂದ ಅದರ ಮೂರು ಪಟ್ಟು ಅನಿಲ ಎಲ್ಲಿಂದ ಬಂತು? ಪೆಟ್ರೋಲಿನಲ್ಲಿರುವ ಇಂಗಾಲ ಉರಿಯುವಾಗ ಗಾಳಿಯ ಆಮ್ಲಜನಕವನ್ನು ಕೂಡಿಸಿಕೊಳ್ಳುತ್ತದೆ, ಹೆಚ್ಚಿನ ತೂಕ ಅದರದ್ದು. ಬೆಂಗಳೂರಿನ ದಟ್ಟಣೆಯಲ್ಲಿ ಲೀಟರಿಗೆ 12 ಕಿ.ಮೀ. ಕೊಡುವ ಕಾರಿನಲ್ಲಿ ಒಬ್ಬರೇ ಹೋದರೆ ಕಿಲೋಮೀಟರಿಗೆ ಸುಮಾರು 190 ಗ್ರಾಂ ಆಯಿತು. 45 ಕೊಡುವ ಸ್ಕೂಟರಿಗೆ 50 ಗ್ರಾಂ. ಲೀಟರ್ ಡೀಸೆಲಿಗೆ ನಾಲ್ಕೇ ಕಿ.ಮೀ. ಓಡುವ ಬಸ್ಸಿನಲ್ಲಿ 40 ಜನರಿದ್ದರೆ ತಲೆಗೆ ಬರುವುದು ಬರೀ 17 ಗ್ರಾಂ.

ಈ ಲೆಕ್ಕ ಕಂಡ ಕೂಡಲೇ ‘ಕಾರು ಬಿಡಿ, ಬಸ್ಸು ಹತ್ತಿ’ ಎಂಬ ಉಪದೇಶ ಶುರುವಾಗುತ್ತದೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಗ್ರಾಂ ಲೆಕ್ಕವನ್ನು ದಿನದ ದೂರದಿಂದ ಗುಣಿಸಬೇಕಲ್ಲ, ಆ ದೂರವನ್ನು ನಿರ್ಧರಿಸಿದವರು ಕಾರಿನಲ್ಲಿ ಕೂತವರಲ್ಲ.

ಹಿಂದೆ ಈ ಊರಿನಲ್ಲಿ ಕಾರ್ಖಾನೆ ಕಟ್ಟುವವರು ಮನೆಯನ್ನೂ ಕಟ್ಟುತ್ತಿದ್ದರು. 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ ಕಾರ್ಖಾನೆಯ ಪಕ್ಕದಲ್ಲೇ ಬೆಳೆದವು. ದೂರದಿಂದ ಬರುವವರಿಗೆ ಫ್ಯಾಕ್ಟರಿ ಬಸ್ಸಿತ್ತು. ಐಟಿ ಕಂಪನಿಗಳ ಕಾಲಕ್ಕೆ ಕಚೇರಿ ಒಂದು ಅಂಚಿಗೆ, ಕೈಗೆಟುಕುವ ಮನೆ ಇನ್ನೊಂದು ಅಂಚಿಗೆ ಹೋದವು. ಆದರೂ ಹಳೆಯ ಟೌನ್‌ಶಿಪ್ಪಿಗೆ ಮರಳೋಣ ಎನ್ನುವಂತಿಲ್ಲ. ಅಲ್ಲಿ ದುಡಿಯುವವರು ಬಹುಮಟ್ಟಿಗೆ ಮನೆಗೊಬ್ಬರು, ಕೆಲಸ ನಿವೃತ್ತಿಯವರೆಗೂ ಒಂದೇ. ಇಂದು ಗಂಡನ ಕಚೇರಿ ವೈಟ್‌ಫೀಲ್ಡಿನಲ್ಲಿ, ಹೆಂಡತಿಯದು ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಎರಡೂ ಮೂರು ವರ್ಷಕ್ಕೆ ಬದಲಾಗಬಹುದು. ಇಂಥವರಿಗೆ ಬೇಕಿರುವುದು ಎಲ್ಲಿಂದ ಎಲ್ಲಿಗಾದರೂ ಬಸ್ಸು-ರೈಲಿನಲ್ಲೇ ತಲುಪಬಹುದಾದ ಊರು.

ಅದು ಆಗಲಿಲ್ಲ. ಎಲೆಕ್ಟ್ರಾನಿಕ್ ಸಿಟಿ 1978ರ ಹೊತ್ತಿನದು, ಅಲ್ಲಿಗೆ ಮೆಟ್ರೊ ಹೋದದ್ದು 2025ರಲ್ಲಿ.

ರಸ್ತೆಗಳ ಜೋಡಣೆಯ ವಿಷಯಕ್ಕೆ ಇನ್ನೂ ಕಡಿಮೆ ಗಮನ ಸಿಕ್ಕಿದೆ. 1890ರ ದಶಕದಲ್ಲಿ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮೇನು-ಕ್ರಾಸುಗಳು ಒಂದನ್ನೊಂದು ಕೂಡುತ್ತವೆ; ಯಾವ ಬೀದಿಯಿಂದಲೂ ಇನ್ನೊಂದಕ್ಕೆ ನಡೆದೇ ಹೋಗಬಹುದು. ಹೊರವಲಯದಲ್ಲಿ ಹೊಲದ ಸರ್ವೆ ನಂಬರಿಗೊಂದು ಬಡಾವಣೆ ಎದ್ದಿತು. ಒಬ್ಬನ ಬಡಾವಣೆಯ ರಸ್ತೆ ಪಕ್ಕದವನ ಕಾಂಪೌಂಡಿಗೆ ಬಂದು ನಿಲ್ಲುತ್ತದೆ. ಗೋಡೆಯಾಚೆಗೆ ಕಾಣುವ ಬಸ್ ಸ್ಟಾಪಿಗೆ ಒಂದೂವರೆ ಕಿಲೋಮೀಟರ್ ಸುತ್ತು, ಅದೂ ಫುಟ್‌ಪಾತ್ ಇಲ್ಲದ ಹಳ್ಳಿರಸ್ತೆಯಲ್ಲಿ. ಜನಸಾಂದ್ರತೆ ಹೆಚ್ಚಿದರೆ ಹೊಗೆ ಇಳಿಯುತ್ತದೆ ಎಂಬ ಪಠ್ಯಪುಸ್ತಕದ ಮಾತು ಇಲ್ಲಿ ಸೋಲುತ್ತದೆ. ಇಪ್ಪತ್ತು ಅಂತಸ್ತಿನ ಕಟ್ಟಡಕ್ಕೆ ಒಂದೇ ಗೇಟು, ಗೇಟಿನಾಚೆ ನಡೆಯಲು ಜಾಗವಿಲ್ಲ ಎಂದರೆ ಆ ಸಾಂದ್ರತೆಯೆಲ್ಲ ಕಾರಾಗಿ ರಸ್ತೆಗಿಳಿಯುತ್ತದೆ.

ಹೀಗೆ ಅನಿವಾರ್ಯವಾಗಿ ಬಂದ ಕಾರು ಆಮೇಲೆ ತನ್ನದೇ ಲೆಕ್ಕ ಹೂಡುತ್ತದೆ. ಇಎಂಐ, ವಿಮೆ ಹೇಗೂ ಕಟ್ಟಿಯಾಗಿದೆ, ಗಾಡಿ ನಿಂತಿದ್ದರೂ ಆ ದುಡ್ಡು ಹೋಗುತ್ತದೆ. ಹಾಗಾಗಿ ಒಂದು ಓಡಾಟದ ಖರ್ಚೆಂದರೆ ಪೆಟ್ರೋಲ್ ಮಾತ್ರ ಎನಿಸುತ್ತದೆ. ಇಬ್ಬರು ಹೊರಟರಂತೂ ಎಷ್ಟೋ ಸಲ ಮೆಟ್ರೊ ಟಿಕೆಟ್ಟೇ ದುಬಾರಿ. ಹಾಲು ತರಲೂ ಕೀಲಿಕೈ ಹುಡುಕುವ ಅಭ್ಯಾಸ ಸೋಮಾರಿತನದಿಂದಷ್ಟೇ ಬಂದದ್ದಲ್ಲ. ಕಾರಿದೆ ಎಂಬ ಧೈರ್ಯದಲ್ಲಿ ಮುಂದಿನ ಮನೆಯನ್ನು ಇನ್ನೂ ದೂರದಲ್ಲಿ ಕೊಳ್ಳುತ್ತೇವೆ, ಬಿಲ್ಡರ್ ಅದಕ್ಕೂ ಆಚೆ ಜಮೀನು ನೋಡುತ್ತಾನೆ.

ಎಲೆಕ್ಟ್ರಿಕ್ ಕಾರು? ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 700 ಗ್ರಾಂ ಆಸುಪಾಸು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಯೂನಿಟ್ಟಿಗೆ ಆರೇಳು ಕಿ.ಮೀ. ಓಡಿದರೂ ಕಿಲೋಮೀಟರಿಗೆ ನೂರು ಗ್ರಾಂ ದಾಟುತ್ತದೆ. ಪೆಟ್ರೋಲಿಗಿಂತ ಮೇಲು, ಒಪ್ಪೋಣ; ತುಂಬಿದ ಡೀಸೆಲ್ ಬಸ್ಸಿನ ಹತ್ತಿರಕ್ಕೂ ಬರುವುದಿಲ್ಲ.

ರಸ್ತೆ ಅಗಲಿಸುವುದರ ಫಲವೂ ಗೊತ್ತಿರುವಂಥದ್ದೇ. ಅಮೆರಿಕದ ನಗರಗಳನ್ನು ಕುರಿತು ಅರ್ಥಶಾಸ್ತ್ರಜ್ಞರಾದ ಡ್ಯುರಾಂಟನ್ ಮತ್ತು ಟರ್ನರ್ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೆದ್ದಾರಿ ಎಷ್ಟು ಪಾಲು ಹೆಚ್ಚಿತೋ ವಾಹನಗಳ ಓಡಾಟವೂ ಸರಿಸುಮಾರು ಅಷ್ಟೇ ಹೆಚ್ಚಿತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಸುರಂಗ ರಸ್ತೆ ಬೇಕೆನ್ನುವವರು ಇದಕ್ಕೆ ಉತ್ತರ ಹೇಳಬೇಕು.

ನನ್ನನ್ನು ಕೇಳಿದರೆ ಮೊದಲು ಕೈಹಾಕಬೇಕಾದದ್ದು ಕಟ್ಟಡ ನಿಯಮಗಳಿಗೆ. ಇಷ್ಟು ಚದರ ಮೀಟರಿಗೆ ಇಷ್ಟು ಕಾರು ನಿಲ್ಲಿಸುವ ಜಾಗ ಬಿಡಲೇಬೇಕು ಎಂದು ಅವು ಕಟ್ಟುನಿಟ್ಟಾಗಿ ಹೇಳುತ್ತವೆ. ಅಷ್ಟೇ ಕಟ್ಟುನಿಟ್ಟಿನಿಂದ, ಬಸ್ ಸ್ಟಾಪಿನ ಕಡೆಗೆ ಇನ್ನೊಂದು ಗೇಟು ಇಡಿ ಎಂದೂ ಹೇಳಬಹುದು. ಅದಕ್ಕೆ ಸುರಂಗದಷ್ಟು ಹಣ ಬೇಕಾಗುವುದಿಲ್ಲ.