ಡ್ರೈವರ್ ಸಿಗದ ಕಾರಣಕ್ಕೆ ಕಂಪ್ಯೂಟರ್ ಗುಜರಿಗೆ ಹೋಗಬಾರದು

‘ಡಿಸ್‌ಪ್ಲೇ ಬರ್ತಿಲ್ಲ’ ಎಂಬ ದೂರು ಹೊತ್ತು ರಿಪೇರಿ ಅಂಗಡಿಗೆ ಬರುವ ಹತ್ತು ವರ್ಷ ಹಳೆಯ ಕಂಪ್ಯೂಟರ್‌ಗೆ ಸಾಮಾನ್ಯವಾಗಿ ಸಿಗುವುದು ಎರಡೇ ತೀರ್ಪು: ‘ಫಾರ್ಮ್ಯಾಟ್ ಹೊಡೀಬೇಕು’ ಅಥವಾ ‘ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ’. ಪೆಟ್ಟಿಗೆ ಬಿಚ್ಚುವ ಮೊದಲೇ ಈ ಮಾತು ಬಂದುಬಿಡುವುದೂ ಉಂಟು. ಮೊದಲನೆಯದನ್ನು ಒಪ್ಪಿದರೆ ಮನೆಯವರ ಫೋಟೊ, ಲೆಕ್ಕಪತ್ರ, ಮಕ್ಕಳ ಪ್ರಾಜೆಕ್ಟು ಅಳಿಸಿಹೋಗುವ ಭಯ. ಎರಡನೆಯದನ್ನು ಒಪ್ಪಿದರೆ ಇನ್ನೂ ದುಡಿಯಬಲ್ಲ ಯಂತ್ರವೊಂದು ಗುಜರಿ ಸೇರುತ್ತದೆ.

2025ರ ಅಕ್ಟೋಬರ್ 14ರಂದು ಮೈಕ್ರೊಸಾಫ್ಟ್ ವಿಂಡೋಸ್ 10ರ ಬೆಂಬಲವನ್ನು ಕೊನೆಗೊಳಿಸಿದ ಮೇಲೆ ಈ ಒತ್ತಡ ಇನ್ನಷ್ಟು ಹೆಚ್ಚಿದೆ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನದ್ದೋ ನಂತರದ್ದೋ ಆಗಿರಬೇಕು. 2016ರಲ್ಲಿ ಕೊಂಡು ಇಂದಿಗೂ ಸರಾಗವಾಗಿ ಓಡುತ್ತಿರುವ ಕಂಪ್ಯೂಟರ್‌ಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. ಹಳೆಯದಾಗುವುದು ಬೇರೆ, ಕೆಡುವುದು ಬೇರೆ. ಏನು ಕೆಟ್ಟಿದೆ ಎಂದು ಹುಡುಕದೆ ಯಂತ್ರವನ್ನೇ ಬಿಸಾಡುವುದು ಮನೆಯ ದುಡ್ಡಿಗೂ ನೆಲಜಲಕ್ಕೂ ಮಾಡುವ ಅನ್ಯಾಯ.

ಹಳೆಯ ಯಂತ್ರದ ಕಾಯಿಲೆಗಳಲ್ಲಿ ಹಲವು ಅಗ್ಗದ ಜಾಗಗಳಲ್ಲೇ ಅಡಗಿರುತ್ತವೆ. ಫ್ಯಾನ್ ತಿರುಗುತ್ತಿದ್ದು ಪರದೆ ಮಾತ್ರ ಕಪ್ಪಾಗಿ ಉಳಿದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಕರಾವಳಿಯ ತೇವಕ್ಕೋ ಬಯಲುಸೀಮೆಯ ಧೂಳಿಗೋ ಅದರ ಸಂಪರ್ಕದ ಅಂಚು ಮಂಕಾಗುತ್ತದೆ. ‘ರ‍್ಯಾಮ್ ತೆಗೆದು ರಬ್ಬರ್‌ನಲ್ಲಿ ಉಜ್ಜಿ ಹಾಕಿ’ ಎಂಬುದು ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತಾಲ್ಲೂಕು ಕೇಂದ್ರದ ಅಂಗಡಿಯವರೆಗೆ ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತಿರುವ ಮದ್ದು. ಕರೆಂಟ್ ತಂತಿ ಕಿತ್ತು, ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿದರೆ ದೋಷ ಇರುವುದು ಯಾವುದರಲ್ಲಿ ಎಂಬುದೂ ತಿಳಿಯುತ್ತದೆ.

ಇನ್ನೊಂದು ಅಪರಾಧಿ ಮದರ್‌ಬೋರ್ಡ್ ಮೇಲೆ ಕೂತಿರುವ ನಾಣ್ಯದಷ್ಟು ಗಾತ್ರದ 3 ವೋಲ್ಟ್ ಸೆಲ್. ಹೆಸರು ಸಿಆರ್ 2032. ಅದು ಮುಗಿದಾಗ ಕರೆಂಟ್ ಹೋಗಿ ಬಂದಂತೆಲ್ಲ ಕಂಪ್ಯೂಟರ್‌ನ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಜಿಗಿಯುತ್ತದೆ. ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳು ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಲೆಕ್ಕ ಹಾಕುವುದರಿಂದ, ತಾರೀಖು ತಪ್ಪಿದ ಯಂತ್ರದಲ್ಲಿ ಬ್ಯಾಂಕಿನ ತಾಣವೂ ಅಪಾಯಕಾರಿ ಎಂಬ ಎಚ್ಚರಿಕೆ ತೋರಿಸುತ್ತದೆ. ವೈರಸ್ ಬಂದಿದೆ ಎಂದು ಮನೆಯವರು ಗಾಬರಿಯಾಗುತ್ತಾರೆ. ಸೆಲ್ ಸತ್ತಾಗ, ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶವಾದ ಬಯೋಸ್‌ನ ಸೆಟ್ಟಿಂಗ್‌ಗಳೂ ಮೂಲಸ್ಥಿತಿಗೆ ಮರಳುತ್ತವೆ. ಡಿಸ್ಕ್‌ನ ವಿಧಾನ ಎಎಚ್‌ಸಿಐ ಇದ್ದದ್ದು ಐಡಿಇ ಆದರೆ ವಿಂಡೋಸ್ 7 ನೀಲಿ ಪರದೆ ತೋರಿಸಿ ನಿಂತುಬಿಡಬಹುದು. ಹಾರ್ಡ್ ಡಿಸ್ಕ್ ಸತ್ತಂತೆಯೇ ಕಾಣುವ ಈ ದೋಷಕ್ಕೆ ಬೇಕಾದದ್ದು ಒಂದು ಹೊಸ ಸೆಲ್, ಬಯೋಸ್‌ನಲ್ಲಿ ಒಂದು ಬದಲಾವಣೆ.

ಕೆಲಸದ ಮಧ್ಯೆ ಯಂತ್ರ ತಾನಾಗಿ ಆಫ್ ಆಗುತ್ತಿದ್ದರೆ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿರುವುದನ್ನೂ, ಫ್ಯಾನಿನಲ್ಲಿ ಧೂಳು ಕಟ್ಟಿರುವುದನ್ನೂ ನೋಡಬೇಕು. ನೆತ್ತಿ ಉಬ್ಬಿದ ಕೆಪಾಸಿಟರ್ ಕಂಡರೆ ನುರಿತವರು ಬೆಸುಗೆ ಹಾಕಿ ಬದಲಿಸಬಲ್ಲರು. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ. ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ದಾಖಲೆಯನ್ನು ‘ಸ್ಮಾರ್ಟ್’ ಎಂಬ ವ್ಯವಸ್ಥೆಯಲ್ಲಿ ತಾನೇ ಬರೆದಿಟ್ಟುಕೊಳ್ಳುತ್ತದೆ. ಕೆಟ್ಟು ಬದಲಿಸಿದ ಸೆಕ್ಟರ್‌ಗಳ ಸಂಖ್ಯೆ ಅಲ್ಲಿ ಏರುತ್ತಿದ್ದರೆ ಬೇರೆ ಯಾವ ಪ್ರಯೋಗಕ್ಕೂ ಇಳಿಯದೆ ಕಡತಗಳ ಪ್ರತಿ ತೆಗೆದುಕೊಳ್ಳಬೇಕು.

ಇವೆಲ್ಲ ಸರಿಯಿದ್ದೂ ಧ್ವನಿ ಹೊರಡದಿದ್ದರೆ, ವೈ-ಫೈ ಕಾಣದಿದ್ದರೆ, ಪರದೆಯ ಅಕ್ಷರಗಳು ಹಿಗ್ಗಿಕೊಂಡಿದ್ದರೆ ಸಮಸ್ಯೆ ಬಹುಶಃ ಡ್ರೈವರ್‌ನದು. ಆಪರೇಟಿಂಗ್ ಸಿಸ್ಟಮ್‌ಗೂ ಯಂತ್ರಭಾಗಕ್ಕೂ ನಡುವೆ ನಿಂತ ದುಭಾಷಿ ಈ ಪುಟ್ಟ ತಂತ್ರಾಂಶ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿನ ಜೊತೆ ‘ಕೋಡ್ 28’ ಕಂಡರೆ ಡ್ರೈವರ್ ಇಲ್ಲವೆಂದರ್ಥ. ‘ಕೋಡ್ 43’ ಎಂದರೆ ಆ ಭಾಗವೇ ತೊಂದರೆ ವರದಿ ಮಾಡಿದೆ ಎಂದರ್ಥ. ‘ಅಪರಿಚಿತ ಸಾಧನ’ ಎಂದು ಬಂದರೂ ಕೈಚೆಲ್ಲಬೇಕಿಲ್ಲ. ಹಾರ್ಡ್‌ವೇರ್ ಐಡಿಯಲ್ಲಿ ತಯಾರಕರ ಸಂಕೇತ ಇದ್ದೇ ಇರುತ್ತದೆ: ಇಂಟೆಲ್‌ಗೆ 8086, ಎನ್ವಿಡಿಯಾಗೆ 10ಡಿಇ, ರಿಯಲ್‌ಟೆಕ್‌ಗೆ 10ಇಸಿ. ಆ ಸಂಕೇತ ಹಿಡಿದು ತಯಾರಕರ ತಾಣದಲ್ಲೇ ಹುಡುಕಬೇಕು. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ’ ಎಂದು ಜಾಹೀರಾತು ಕೊಡುವ ಅನಾಮಧೇಯ ತಂತ್ರಾಂಶಗಳಿಂದ ದೂರವಿರುವುದೇ ಲೇಸು.

ದೋಷ ಯಂತ್ರದ್ದೋ ಡ್ರೈವರ್‌ನದ್ದೋ ಎಂದು ತೀರ್ಮಾನಿಸಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಉಚಿತ ಆಪರೇಟಿಂಗ್ ಸಿಸ್ಟಮ್‌ಗಳಾದ ಲಿನಕ್ಸ್ ಮಿಂಟ್ ಅಥವಾ ಉಬುಂಟುವನ್ನು ಪೆನ್‌ಡ್ರೈವ್‌ಗೆ ಹಾಕಿ, ಏನನ್ನೂ ಇನ್‌ಸ್ಟಾಲ್ ಮಾಡದೆ, ಅಲ್ಲಿಂದಲೇ ಕಂಪ್ಯೂಟರ್ ಚಾಲೂ ಮಾಡಬಹುದು. ಹಾರ್ಡ್ ಡಿಸ್ಕ್‌ನಲ್ಲಿರುವ ಕಡತಗಳಿಗೆ ಕೈಹಚ್ಚುವ ಅಗತ್ಯವಿಲ್ಲ. ವಿಂಡೋಸ್‌ನಲ್ಲಿ ಮೂಕವಾಗಿದ್ದ ಸ್ಪೀಕರ್ ಇಲ್ಲಿ ನುಡಿದರೆ ಯಂತ್ರ ಸರಿಯಿದೆ, ಡ್ರೈವರ್‌ನಲ್ಲಿ ದೋಷ. ಮದರ್‌ಬೋರ್ಡ್ ಬದಲಿಸಲು ಒಪ್ಪುವ ಮೊದಲು ಪ್ರತಿಯೊಬ್ಬ ಗ್ರಾಹಕರೂ ಇದನ್ನೊಮ್ಮೆ ಮಾಡಿಸಿ ನೋಡಬೇಕು.

ಡ್ರೈವರ್ ಚಿಕ್ಕದಾದರೂ ಅದರ ಪೆಟ್ಟು ದೊಡ್ಡದು. 2007ರಲ್ಲಿ ವಿಂಡೋಸ್ ವಿಸ್ಟಾ ಪದೇ ಪದೇ ಕುಸಿಯುತ್ತಿದ್ದಾಗ ದಾಖಲಾದ ಕುಸಿತಗಳಲ್ಲಿ ಸುಮಾರು ಶೇ 29ರಷ್ಟಕ್ಕೆ ಎನ್ವಿಡಿಯಾ ಡ್ರೈವರ್‌ಗಳು ಕಾರಣವೆಂದು, ಮುಂದೆ ನ್ಯಾಯಾಲಯದ ಮೂಲಕ ಬಹಿರಂಗವಾದ ಮೈಕ್ರೊಸಾಫ್ಟ್‌ನ ಆಂತರಿಕ ದಾಖಲೆಗಳು ತೋರಿಸಿದವು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ಡ್ರೈವರ್ ಓದುವ ಒಂದು ಕಡತದಲ್ಲಿ ದೋಷ ನುಸುಳಿ ಸುಮಾರು 85 ಲಕ್ಷ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು; ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಅಂದು ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ಎರಡು ಸಂದರ್ಭಗಳಲ್ಲೂ ಯಂತ್ರಗಳಿಗೆ ಏನೂ ಆಗಿರಲಿಲ್ಲ.

ನಿಜವಾದ ಅನ್ಯಾಯ ಆಗುವುದು ಡ್ರೈವರ್ ಕೆಟ್ಟಾಗಲ್ಲ, ತಯಾರಕರು ಅದನ್ನು ಕೈಬಿಟ್ಟಾಗ. 32 ಬಿಟ್ ವಿಂಡೋಸ್‌ಗೆ ಬರೆದ ಡ್ರೈವರ್ 64 ಬಿಟ್ ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ಹೊಸದನ್ನು ಕಂಪನಿ ಬರೆಯದಿದ್ದರೆ ಗಟ್ಟಿಮುಟ್ಟಾದ ಸ್ಕ್ಯಾನರ್ ಅದೇ ದಿನ ನಿರುಪಯೋಗಿ. ಎಚ್‌ಪಿ ಲೇಸರ್‌ಜೆಟ್ 1020 ಪ್ರಿಂಟರ್‌ನ ರಚನೆಯನ್ನೇ ನೋಡಿ. ಆನ್ ಮಾಡಿದಾಗಲೆಲ್ಲ ಅದಕ್ಕೆ ಬೇಕಾದ ಫರ್ಮ್‌ವೇರ್ ಅನ್ನು ಕಂಪ್ಯೂಟರ್‌ನಿಂದಲೇ ಕಳಿಸಬೇಕು. ಲಿನಕ್ಸ್‌ನಲ್ಲಿ ಇಂಥ ಪ್ರಿಂಟರ್‌ಗಳು ನಡೆಯುವಂತೆ ಮಾಡುವ ಡ್ರೈವರ್ ಒಂದನ್ನು ಕಂಪನಿಯ ಹೊರಗಿನ ಸ್ವಯಂಸೇವಕರೇ ಬರೆದರು. ಸಾವಿರಾರು ರೂಪಾಯಿ ಕೊಟ್ಟು ಕೊಂಡ ವಸ್ತುವಿನ ಆಯುಸ್ಸು ಯಾರದೋ ಔದಾರ್ಯವನ್ನು ನೆಚ್ಚಿಕೊಳ್ಳಬೇಕಾಗಿ ಬಂದಿರುವುದು ಸರಿಯಲ್ಲ.

ಮುಕ್ತ ತಂತ್ರಾಂಶ ಚಳವಳಿಯ ಬೇರಿನಲ್ಲೂ ಇಂಥದ್ದೇ ಒಂದು ಪ್ರಿಂಟರ್ ಇದೆ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಕಾಗದ ಸಿಕ್ಕಿಕೊಂಡಾಗ ಬಳಕೆದಾರರಿಗೆ ಸೂಚನೆ ಹೋಗುವಂತೆ ಅದರ ತಂತ್ರಾಂಶವನ್ನು ತಿದ್ದಲು ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ ಬಯಸಿದರು. ಮೂಲ ಸಂಕೇತ ಕೊಡಲು ನಿರಾಕರಣೆ ಎದುರಾಯಿತು. 1983ರಲ್ಲಿ ಅವರು ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆ ಘೋಷಿಸಿದ್ದರ ಹಿಂದೆ ಆ ಅನುಭವವೂ ಇತ್ತು.

ಕನ್ನಡ ನಾಡಿಗೆ ಈ ಪ್ರಶ್ನೆ ದೂರದ್ದಲ್ಲ. ನಮ್ಮ ಡಿಟಿಪಿ ಕೇಂದ್ರಗಳಲ್ಲಿ ಪುಸ್ತಕ, ಸ್ಮರಣ ಸಂಚಿಕೆ, ಲಗ್ನಪತ್ರಿಕೆಗಳ ರಾಶಿ ರಾಶಿ ಕಡತಗಳು ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ, ಪೇಜ್‌ಮೇಕರ್‌ನಲ್ಲಿ ಕುಳಿತಿವೆ. 2001ರಲ್ಲಿ ಬಂದ ಪೇಜ್‌ಮೇಕರ್ 7ಕ್ಕೆ ಯೂನಿಕೋಡ್ ತಿಳಿಯದು. ಅದರ ಮುಂದಿನ ಪ್ರಮುಖ ಆವೃತ್ತಿ ಬರಲೇ ಇಲ್ಲ. ಆ ಕಡತಗಳನ್ನು ತೆರೆಯಲೆಂದೇ ಹಳೆಯ ಕಂಪ್ಯೂಟರ್ ಉಳಿಸಿಕೊಂಡವರಿದ್ದಾರೆ. ಅವರಿಗೆ ಒಂದು ಡ್ರೈವರ್ ಸಿಗುವುದು ಅನ್ನದ ಪ್ರಶ್ನೆ.

ಬೆಂಬಲ ನಿಂತ ವಿಂಡೋಸ್‌ನಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಸುರಕ್ಷಿತವಲ್ಲ ಎಂಬುದು ನಿಜ. ಆದರೆ ಅದಕ್ಕೆ ಉತ್ತರ ಗುಜರಿಯಲ್ಲ. ಅಂಥ ಯಂತ್ರವನ್ನು ಅಂತರ್ಜಾಲದಿಂದ ಬಿಡಿಸಿಟ್ಟು ಡಿಟಿಪಿಗೆ ಬಳಸಬಹುದು, ಅಥವಾ ಲಿನಕ್ಸ್ ಹಾಕಿ, ಒಂದು ಎಸ್‌ಎಸ್‌ಡಿ ಜೋಡಿಸಿ ಮಕ್ಕಳ ಓದಿಗೆ ಕೊಡಬಹುದು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಪಾಠ ನಡೆಸುತ್ತಿವೆ.

ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಸೃಷ್ಟಿಸಿತು. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ್ದಕ್ಕೆ ದಾಖಲೆ ಇರುವುದು ಶೇ 22.3ಕ್ಕೆ ಮಾತ್ರ. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕು’ ಪೋರ್ಟಲ್ ಆರಂಭಿಸಿತು. ಬಿಡಿಭಾಗ, ಕೈಪಿಡಿಗಳ ಮಾಹಿತಿ ಗ್ರಾಹಕರಿಗೆ ಸಿಗಬೇಕೆಂಬ ಅದರ ಆಶಯ ಒಳ್ಳೆಯದು. ಅದು ಡ್ರೈವರ್‌ಗಳಿಗೂ ವಿಸ್ತರಿಸಬೇಕು, ಕಾನೂನಿನ ಬಲ ಪಡೆಯಬೇಕು. ಬೆಂಬಲ ನಿಲ್ಲಿಸುವ ಕಂಪನಿ ಕೊನೆಯ ಡ್ರೈವರನ್ನು ತಾಣದಿಂದ ಅಳಿಸಬಾರದು. ತಾನು ಮುಂದುವರಿಸದಿದ್ದರೆ ಬೇರೆಯವರು ಬರೆಯಲು ಬೇಕಾದ ತಾಂತ್ರಿಕ ವಿವರವನ್ನು ಪ್ರಕಟಿಸಬೇಕು.

ಸರ್ಕಾರ ಅಷ್ಟು ಮಾಡುವವರೆಗೆ ಓದುಗರು ಇಷ್ಟು ಮಾಡಬಹುದು. ಕಂಪ್ಯೂಟರ್ ಸರಿಯಿರುವಾಗಲೇ ಅದರ ಎಲ್ಲ ಡ್ರೈವರ್‌ಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ವಿಂಡೋಸ್ 10ರಲ್ಲೇ ಇರುವ ಪಿಎನ್‌ಪಿ ಯುಟಿಲ್ ಎಂಬ ಸಾಧನ ಈ ಕೆಲಸ ಮಾಡಿಕೊಡುತ್ತದೆ. ಹೊಸ ಪ್ರಿಂಟರ್, ಸ್ಕ್ಯಾನರ್ ಕೊಳ್ಳುವಾಗ ಲಿನಕ್ಸ್ ಡ್ರೈವರ್ ಇದೆಯೇ ಎಂದು ಅಂಗಡಿಯವರನ್ನು ಕೇಳಿ. ಗುಜರಿಗೆ ಹಾಕುವ ಮೊದಲು ಪೆನ್‌ಡ್ರೈವ್ ಪರೀಕ್ಷೆಯೊಂದನ್ನು ಮಾಡಿಸಿ.